ಉತ್ತರಕ್ಕೆ ನೀಲಮ್ಮನ ಮನೆ

ಹೆಸರು ಮುಚ್ಚಿಟ್ಟುಕೊಳ್ಳುವ ಜನರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಫೋನು ಮಾಡಿ ‘ನಾನು ಯಾರು ಹೇಳ್ರಿ ನೋಡೋಣ’ ಎಂದು ಒಗಟು ಹಾಕುವವರು, ಪತ್ರಿಕೆಗೆ ‘ನೊಂದ ನಾಗರಿಕ’ ಎಂದು ಸಹಿ ಮಾಡಿ ಪತ್ರ ಬರೆಯುವವರು, ಬಸ್ಸಿನಲ್ಲಿ ಪಕ್ಕಕ್ಕೆ ಕೂತು ಶಹಾಪುರದಿಂದ ಸುರಪುರದವರೆಗೆ ನನ್ನ ಊರು, ಕೇರಿ, ಮಕ್ಕಳು, ಸಕ್ಕರೆ ಕಾಯಿಲೆ ಎಲ್ಲವನ್ನೂ ಕೇಳಿ ತಿಳಿದುಕೊಂಡು, ತಮ್ಮ ಹೆಸರು ಕೇಳಿದರೆ ‘ಇಲ್ಲೇ ಈ ಕಡಿಯವರೇ ರೀ’ ಎಂದು ಇಳಿದುಹೋಗುವವರು, ಇವರೆಲ್ಲ ನನ್ನ ಕಣ್ಣಿಗೆ ಒಂದೇ ಪಂಗಡ. ತಪ್ಪು ಮಾಡದವನಿಗೆ ಮುಚ್ಚಿಡಲು ಏನಿರುತ್ತದೆ ಎಂಬುದು ನನ್ನ ವಾದ. ಈ ವಾದವನ್ನು ನಾನು ಬಹಳ ವರ್ಷ, ಬಹಳ ಜನರ ಮುಂದೆ, ಅವರು ಚಹಾ ಕುಡಿದು ಎದ್ದುಹೋಗುವವರೆಗೂ ಬಿಡದೆ ಮಂಡಿಸಿದ್ದೇನೆ. ಈಗ ಮಂಡಿಸುವುದಿಲ್ಲ. ಯಾಕೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೇಳಲು ನಾಚಿಕೆಯಾಗುತ್ತಿದೆ ಎಂಬುದನ್ನೂ ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನನ್ನ ಕಸುಬು ದಸ್ತಾವೇಜು ಬರೆಯುವುದು. ಸುರಪುರದ ನೋಂದಣಿ ಕಚೇರಿಯ ಹೊರಗೆ, ತಗಡಿನ ನೆರಳಿನಲ್ಲಿ, ಒಂದು ಕಾಲು ಗಿಡ್ಡವಿರುವ ಮೇಜಿನ ಹಿಂದೆ ಮೂವತ್ತು ವರ್ಷದಿಂದ ಕೂತಿದ್ದೇನೆ. ಜನ ನನ್ನನ್ನು ರೈಟರ್ರು ಎನ್ನುತ್ತಾರೆ. ನನಗಿಂತ ಮೊದಲು ನನ್ನಪ್ಪ ಅದೇ ಮೇಜಿನ ಹಿಂದೆ ಕೂತಿದ್ದ. ಅವನಿಗೆ ಉರ್ದು ಲಿಪಿಯೂ ಬರುತ್ತಿತ್ತು, ನಿಜಾಮರ ಕಾಲದ ಕಾಗದ ಹಿಡಿದು ಬಂದವರಿಗೆ ಓದಿ ಹೇಳುತ್ತಿದ್ದ. ಅವನಿಂದ ನನಗೆ ಬಂದ ಆಸ್ತಿ ಎಂದರೆ ಆ ಕುಂಟ ಮೇಜು ಮತ್ತು ಚಕ್ಕುಬಂದಿ ಬರೆಯುವ ಕಲೆ. ಚಕ್ಕುಬಂದಿ ಎಂದರೆ ನಾಲ್ಕು ದಿಕ್ಕಿನ ಗಡಿ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಹಳ್ಳ, ದಕ್ಷಿಣಕ್ಕೆ ಯಾರ ಗೋಡೆ, ಉತ್ತರಕ್ಕೆ ಯಾವ ದಾರಿ ಎಂದು ಸರಿಯಾಗಿ ಬರೆದಿಟ್ಟರೆ ಮೊಮ್ಮಕ್ಕಳ ಕಾಲಕ್ಕೂ ತಕರಾರು ಬರುವುದಿಲ್ಲ. ಬೋನಾಳ ಕಡೆಯ ಒಂದು ಹೊಲಕ್ಕೆ ಯಾರೋ ಅರೆಬರೆ ಕಲಿತವನು ‘ಪಶ್ಚಿಮಕ್ಕೆ ಕೆರೆಯ ನೀರು’ ಎಂದು ಬರೆದಿದ್ದ. ಮಳೆಗಾಲದಲ್ಲಿ ಆ ಗಡಿ ಹೊಲದೊಳಗೆ ನಡೆದು ಬರುತ್ತಿತ್ತು, ಬೇಸಿಗೆಯಲ್ಲಿ ಹಿಂದಕ್ಕೆ ಸರಿಯುತ್ತಿತ್ತು, ಅಣ್ಣತಮ್ಮಂದಿರು ಹಂಗಾಮಿಗೆ ತಕ್ಕಂತೆ ಬಡಿದಾಡುತ್ತಿದ್ದರು. ನಾನು ಅದನ್ನು ತಿದ್ದಿ ಗಡಿಕಲ್ಲಿಗೆ ಕಟ್ಟಿದ ಮೇಲೆ ಆ ಜಗಳ ನಿಂತಿತು. ಈಗ ಅವರು ಬೇರೆ ವಿಷಯಕ್ಕೆ ಬಡಿದಾಡುತ್ತಾರೆ.

ಕಸುಬಿನ ಚಾಳಿ ಮನೆಯವರೆಗೂ ಬರುತ್ತದೆ. ಯಾರಾದರೂ ದಾರಿ ಕೇಳಿದರೆ ನಾನು ಬೆರಳು ತೋರಿಸಿ ಸುಮ್ಮನಾಗಲಾರೆ, ನಾಲ್ಕೂ ದಿಕ್ಕು ಹೇಳಿಯೇ ಕಳಿಸುತ್ತೇನೆ. ಒಮ್ಮೆ ಛತ್ರಿ ಕಳೆದಾಗ ಬಸ್ ಡಿಪೋದವರಿಗೆ ಅದರ ಬಣ್ಣ, ವಯಸ್ಸು, ಹಿಂದಿನ ಮಾಲೀಕರು ಇಷ್ಟನ್ನೂ ಬರೆದುಕೊಟ್ಟಿದ್ದೆ. ಅವರು ಛತ್ರಿ ಕೊಡಲಿಲ್ಲ, ಕಾಗದವನ್ನು ಮಾತ್ರ ಗೋಡೆಗೆ ಅಂಟಿಸಿಕೊಂಡರು. ಹೊಸಬರ ಮುಂದೆ ಹೆಂಡತಿಯ ಪರಿಚಯ ಮಾಡಿಸುವಾಗ ‘ಗಿರಿಜಾ, ನನ್ನ ಧರ್ಮಪತ್ನಿ, ವಯಸ್ಸು ಐವತ್ತೆರಡು’ ಎಂದು ಬಾಯಿ ಜಾರಿತು. ಆ ದಿನ ಸಂಜೆಯಿಂದ ಮೂರು ದಿನ ಅವಳು ನನ್ನೊಂದಿಗೆ ಮಾತಾಡಲಿಲ್ಲ. ನಿಜವಾದ ವಯಸ್ಸು ಹೇಳಿದರೆ ಸಿಟ್ಟಾಗುವುದೇಕೆ ಎಂಬುದು ನನಗೆ ನಾಲ್ಕನೆಯ ದಿನವೂ ಅರ್ಥವಾಗಿರಲಿಲ್ಲ.

ನಮ್ಮ ನೋಂದಣಿ ಕಚೇರಿಯ ಹೆಚ್ಚುಗಾರಿಕೆ ಏನೆಂದರೆ ಅಲ್ಲಿಯ ಪುಸ್ತಕ ಯಾರಿಗೂ ಮುಚ್ಚಿಲ್ಲ. ಶುಲ್ಕ ಕಟ್ಟಿ ಅರ್ಜಿ ಹಾಕಿದರೆ ಯಾರು ಬೇಕಾದರೂ ಯಾರ ಆಸ್ತಿಯ ಹಿಂದುಮುಂದನ್ನಾದರೂ ನೋಡಬಹುದು. ಮಾಲೀಕ ಯಾರು, ಅವನ ಅಪ್ಪ ಯಾರು, ಸಾಕ್ಷಿ ಹಾಕಿದವರು ಯಾರು ಎಲ್ಲವೂ ಬಯಲು. ಪುಸ್ತಕದಲ್ಲಿ ಬರೆದದ್ದು ಸುಳ್ಳಾಗುವುದಿಲ್ಲ ಎಂದು ನಾನು ಬಂದ ಪಕ್ಷಗಾರರಿಗೆಲ್ಲ ಪಾಠ ಹೇಳುತ್ತಿದ್ದೆ. ಬೇನಾಮಿ ಆಸ್ತಿ ಮಾಡುವವರ ಮೇಲಂತೂ ನನಗೆ ವಿಶೇಷ ತಿರಸ್ಕಾರ. ಬೈಪಾಸಿನ ಹತ್ತಿರ ನಮ್ಮತ್ತೆಯ ಹೆಸರಿನಲ್ಲಿ ಒಂದು ಪ್ಲಾಟು ಇರುವುದು ನಿಜ, ಆ ಪ್ಲಾಟು ಎಲ್ಲಿದೆ ಎಂದು ನಮ್ಮತ್ತೆಗೆ ಗೊತ್ತಿಲ್ಲದಿರುವುದೂ ನಿಜ. ಆದರೆ ಅದು ಕುಟುಂಬದ ಅನುಕೂಲಕ್ಕೆ ಮಾಡಿದ್ದು, ಅದನ್ನು ಇಲ್ಲಿ ತರುವುದು ಸರಿಯಲ್ಲ.

ಇಷ್ಟು ಪೀಠಿಕೆ ಯಾಕೆಂದರೆ, ಹೋದ ವರ್ಷ ನನ್ನ ಮೇಜಿನ ಮುಂದೆ ಒಬ್ಬರ ಹಿಂದೊಬ್ಬರಂತೆ ನಾಲ್ಕೈದು ಜನ ಒಂದೇ ಬಗೆಯ ಕಾಗದ ಹಿಡಿದು ಬಂದರು. ಪಹಣಿಯ ನಕಲು, ಮೇಲೆ ಲಾಂಛನ, ಕೆಳಗೆ ಗುಂಡಗಿನ ಮುದ್ರೆ, ನಡುವೆ ಬರೀ ಸುಳ್ಳು. ಸರ್ವೆ ನಂಬರು ಒಬ್ಬರದು, ಹೆಸರು ಇನ್ನೊಬ್ಬರದು. ಎಲ್ಲಿಂದ ತಂದಿರಿ ಎಂದು ಕೇಳಿದರೆ ಫೋನಿನಲ್ಲಿ ಒಂದು ವೆಬ್‌ಸೈಟು ತೋರಿಸಿದರು. ನೋಡಲು ಸರ್ಕಾರದ್ದೇ ಎನ್ನುವಂತಿತ್ತು. ಅದು ಪಹಣಿ ಕೊಡುವ ಮೊದಲು ಇವರಿಂದ ಗುರುತಿನ ಚೀಟಿಯ ಫೋಟೋ, ಮುಖದ ಫೋಟೋ, ಕೊನೆಗೆ ಹೆಬ್ಬೆಟ್ಟಿನ ಫೋಟೋ ಸಹ ಕೇಳಿ ಇಸಿದುಕೊಂಡಿತ್ತು. ಇಂಥದನ್ನು ನಡೆಸುವ ಪುಣ್ಯಾತ್ಮನ ಹೆಸರು, ಅವನಪ್ಪನ ಹೆಸರು ನನಗೆ ಬೇಕಾಗಿತ್ತು. ಕಚೇರಿಯಲ್ಲಿ ಕೇಳಿದರೆ ಪೊಲೀಸರಿಗೆ ಹೇಳಿ ಎಂದರು, ಪೊಲೀಸರು ಯಾದಗಿರಿಗೆ ಹೋಗಿ ದೂರು ಕೊಡಿ ಎಂದರು. ನಾನು ಶಹಾಪುರಕ್ಕೆ ಹೋದೆ, ಯಾಕೆಂದರೆ ಅಲ್ಲಿ ರಾಜಶೇಖರ ಇದ್ದಾನೆ.

ರಾಜಶೇಖರ ಬಸ್ ನಿಲ್ದಾಣದ ಹಿಂದೆ ಕಂಪ್ಯೂಟರ್ ಸೆಂಟರ್ ಇಟ್ಟಿರುವವನು. ಹತ್ತಿ ದಲ್ಲಾಳಿ ಅಂಗಡಿಯ ಅಡತಿಯವರಿಗೆ ಬಿಲ್ಲು ಮಾಡಿಕೊಡುವುದರಿಂದ ಹಿಡಿದು ಮದುವೆ ಪತ್ರಿಕೆಯವರೆಗೆ ಎಲ್ಲ ಮಾಡುತ್ತಾನೆ. ಶಾಂತ ಮನುಷ್ಯ, ಅದೊಂದೇ ಅವನ ದೋಷ. ಅವನು ಹೇಳಿದ ಪ್ರಕಾರ ಪ್ರತಿ ವೆಬ್‌ಸೈಟಿನ ಹೆಸರಿಗೂ ನಮ್ಮ ಜಮೀನಿಗಿದ್ದಂತೆಯೇ ಒಂದು ನೋಂದಣಿ ಇರುತ್ತದಂತೆ. ಆ ಹೆಸರಿಗೆ ಡೊಮೇನು ಎನ್ನುತ್ತಾರಂತೆ. ಯಾರು ಕೊಂಡರು, ಯಾವಾಗ ಕೊಂಡರು, ಅವರ ವಿಳಾಸ, ಫೋನು ಎಲ್ಲ ಒಂದು ರಿಜಿಸ್ಟರಿನಲ್ಲಿ ಇರುತ್ತದಂತೆ, ಯಾರು ಬೇಕಾದರೂ ನೋಡಬಹುದಂತೆ. ಇದನ್ನು ಕೇಳಿ ನನಗೆ ದೂರದ ಊರಿನಲ್ಲಿ ನಮ್ಮವರು ಸಿಕ್ಕಷ್ಟು ಖುಷಿಯಾಯಿತು. ತಗಿ ಮಾರಾಯ ಎಂದೆ. ಅವನು ತೆಗೆದ. ಪರದೆಯ ಮೇಲೆ ಬಂತು: ಮಾಲೀಕರ ಹೆಸರು, ಖಾಸಗಿತನಕ್ಕಾಗಿ ಮರೆಮಾಡಲಾಗಿದೆ. ಬೀದಿ, ಮರೆಮಾಡಲಾಗಿದೆ. ಊರು, ಮರೆಮಾಡಲಾಗಿದೆ. ಫೋನು, ಅದೂ ಮರೆ. ದೇಶ ಮಾತ್ರ ಬರೆದಿತ್ತು, ಅದು ನಾನು ಹೆಸರೇ ಕೇಳದ ಒಂದು ನಡುಗಡ್ಡೆ.

ಸುರಪುರದ ರೈತರ ಹೆಬ್ಬೆಟ್ಟನ್ನು ಇಸಿದುಕೊಂಡವನಿಗೆ ತನ್ನ ಹೆಸರು ಹೇಳಲು ನಾಚಿಕೆ. ಇವನಿಗೆ ಖಾಸಗಿತನ ಬೇರೆ ಕೇಡು. ಮೊದಲು ಎಲ್ಲರ ಹೆಸರೂ ಕಾಣುತ್ತಿತ್ತು, ಈಚೆಗೆ ಬೇರೆ ಬೇರೆ ದೇಶಗಳಲ್ಲಿ ಕಾನೂನು ಬಂದು ಎಲ್ಲವನ್ನೂ ಮುಚ್ಚಿಬಿಟ್ಟಿದ್ದಾರೆ, ಪೊಲೀಸರು, ಕೋರ್ಟಿನವರು ಕಾರಣ ಬರೆದು ಕೇಳಿದರೆ ಕೊಡುತ್ತಾರೆ ಎಂದು ರಾಜಶೇಖರ ಸಮಾಧಾನ ಹೇಳಿದ. ಮುಚ್ಚಿಟ್ಟ ಮೇಲೆ ಅದು ರಿಜಿಸ್ಟರು ಹೇಗಾಗುತ್ತದೆ, ಟ್ರಂಕು ಆಗುತ್ತದೆ ಎಂದು ನಾನು ಕೂಗಾಡಿದೆ. ಅವನು ತನ್ನ ಶಾಂತ ದನಿಯಲ್ಲಿಯೇ ಹೇಳಿದ, “ಎಲ್ಲಾರೂ ಕಳ್ಳರ ಇರಂಗಿಲ್ರಿ. ಒಬ್ಬಾಕಿ ಹೆಣ್ಮಗಳು ಮನಿಯಾಗ ಕೂತು ಉಪ್ಪಿನಕಾಯಿ ಮಾರಾಕತ್ತಾಳ ಅನ್ರಿ. ಆಕಿ ಮನಿ ಎಲ್ಲದ, ಫೋನ್ ಯಾವುದು ಅಂತ ದುನಿಯಾಕ್ಕೆಲ್ಲ ಯಾಕ ಗೊತ್ತಾಗಬೇಕು?” ಉಪ್ಪಿನಕಾಯಿ ತಿನ್ನುವವನಿಗೆ ಅದು ಯಾರ ಕೈಯದು ಎಂದು ಗೊತ್ತಿರಬೇಕು ಎಂದು ನಾನು ಉತ್ತರ ಕೊಟ್ಟೆ. ಬಿಲ್ಲಿಗೆಂದು ಬಂದು ಕೂತಿದ್ದ ಅಡತಿಯವರು ನಕ್ಕರು. ಆ ನಗು ನನ್ನ ತಲೆಗೇರಿತು, ಆಗ ಅಲ್ಲಿಂದ ಎದ್ದು ಬಸ್ಸು ಹಿಡಿದಿದ್ದರೆ ಈ ಕಥೆ ಇರುತ್ತಿರಲಿಲ್ಲ.

ಎದ್ದು ಬರುವ ಬದಲು ನಾನು ನನ್ನ ಹೆಸರಿನಲ್ಲೇ ಒಂದು ವೆಬ್‌ಸೈಟು ಮಾಡು ಎಂದುಬಿಟ್ಟೆ. ಕಾರಣ ಎರಡು. ಈಗೀಗ ಜನ ತಾವೇ ಫೋನಿನಲ್ಲಿ ಅರ್ಜಿ ತುಂಬಿ ನೇರವಾಗಿ ಕಚೇರಿಯೊಳಗೆ ಹೋಗಿಬಿಡುತ್ತಾರೆ, ನನ್ನ ಕುಂಟ ಮೇಜನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಅವರ ಫೋನಿನೊಳಗೇ ನಾನು ಇರಬೇಕಾಗಿತ್ತು. ಎರಡನೆಯದು, ಮರ್ಯಾದಸ್ಥನ ನೋಂದಣಿ ಹೇಗಿರುತ್ತದೆ ಎಂದು ಆ ನಡುಗಡ್ಡೆಯ ಕಳ್ಳನಿಗೂ, ಕಾನೂನು ಮಾಡಿದ ದೇಶಗಳಿಗೂ ತೋರಿಸಬೇಕಾಗಿತ್ತು. ರಾಜಶೇಖರ ಅರ್ಜಿ ತೆರೆದ. ವಿವರಗಳನ್ನು ತಾನಾಗಿಯೇ ಮರೆಮಾಡುತ್ತಾರೆ, ಬಯಲಿಗೆ ಇಡಬೇಕೆಂದರೆ ನೀವಾಗಿ ಒಪ್ಪಿಗೆ ಕೊಡಬೇಕು ಎಂದ. ಕೊಟ್ಟೆ ಎಂದೆ. ಅವನು ಎರಡನೆಯ ಸಲ ಕೇಳಿದ. ಎರಡನೆಯ ಸಲವೂ ಕೊಟ್ಟೆ. ಪರದೆಯೂ ಒಮ್ಮೆ ಕೇಳಿತು, ‘ಖಂಡಿತವೇ?’ ಎಂದು. ಕಂಪ್ಯೂಟರಿಗೆ ಇರುವಷ್ಟು ವಿವೇಕ ನನಗಿದ್ದಿದ್ದರೆ.

ವಿಳಾಸಕ್ಕೆ ಮೂರು ಸಾಲು ಜಾಗವಿತ್ತು. ಮನೆ ನಂಬರು, ಬೀದಿ, ಪಿನ್ ಕೋಡು ಸಾಕು ಎಂದ ರಾಜಶೇಖರ. ಮೂವತ್ತು ವರ್ಷ ದಸ್ತಾವೇಜು ಬರೆದವನು ಚಕ್ಕುಬಂದಿ ಇಲ್ಲದೆ ನೋಂದಣಿ ಮಾಡುವುದೆಂದರೇನು? ಪಿನ್ ಕೋಡು ಅಂಚೆಯವನಿಗೆ, ಚಕ್ಕುಬಂದಿ ಸತ್ಯಕ್ಕೆ ಎಂದು ಹೇಳಿ ನಾಲ್ಕು ದಿಕ್ಕನ್ನು ಮೂರು ಸಾಲಿನಲ್ಲಿ ಹಿಡಿಸಲು ಕೂತೆ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಹಿಟ್ಟಿನ ಗಿರಣಿ, ದಕ್ಷಿಣಕ್ಕೆ ಹಾಳುಬಾವಿ, ಇವು ಎರಡು ಸಾಲಿನಲ್ಲಿ ಮುಗಿದವು. ಮೂರನೆಯ ಸಾಲು ಪೂರ್ತಿ ಉತ್ತರ ದಿಕ್ಕಿಗೆ ಉಳಿಯಿತು. ಉತ್ತರಕ್ಕೆ ನೀಲಮ್ಮನ ಮನೆ.

ನೀಲಮ್ಮನ ವಿಷಯ ಇಲ್ಲಿ ಹೇಳಬೇಕು. ಅವಳು ನಮ್ಮ ಪಕ್ಕದ ಮನೆಗೆ ಬಾಡಿಗೆಗೆ ಬಂದು ಆಗ ಎಂಟು ತಿಂಗಳಾಗಿತ್ತು. ಗಂಡ ತೀರಿಕೊಂಡಿದ್ದ. ಶಹಾಪುರದ ಕಡೆ ಅವನ ಪಾಲಿಗೆ ಬಂದ ಹೊಲ ಒಂದು ಕಾಲಕ್ಕೆ ಕಲ್ಲು ಜಾಲಿಯ ಬರಡು, ಕಾಲುವೆ ಬಂದ ಮೇಲೆ ಭತ್ತ ಬೆಳೆಯುವ ಭೂಮಿ. ಬರಡಿದ್ದಾಗ ಅದನ್ನು ತಮ್ಮನ ತಲೆಗೆ ಕಟ್ಟಿದ್ದ ಅಣ್ಣಂದಿರಿಗೆ ನೀರು ಬಂದ ಮೇಲೆ ತಮ್ಮನ ಮೇಲೆ ಬಹಳ ಪ್ರೀತಿ ಹುಟ್ಟಿತ್ತು. ತಮ್ಮನ ಹೆಂಡತಿ ತನ್ನ ಹಕ್ಕು ಬಿಟ್ಟುಕೊಟ್ಟೆ ಎಂದು ಒಂದು ಕಾಗದಕ್ಕೆ ಸಹಿ ಹಾಕಿಬಿಡಲಿ ಎಂದು ಹಗಲೂ ಸಂಜೆಯೂ ಗಂಟುಬಿದ್ದಿದ್ದರು. ಅವಳು ಸಹಿ ಹಾಕದೆ, ಹೊಲಿಗೆ ಯಂತ್ರ ಒಂದನ್ನು ಹೊತ್ತುಕೊಂಡು, ಅವರಿಗೆ ಗೊತ್ತಿಲ್ಲದ ಸುರಪುರದ ಈ ಓಣಿಗೆ ಬಂದಿದ್ದಳು. ಖಾತೆ ತನ್ನ ಹೆಸರಿಗೆ ಆಗುವವರೆಗೆ ತಾನು ಇಲ್ಲಿರುವುದು ಯಾರಿಗೂ ತಿಳಿಯಬಾರದು ಎಂದು ಬಂದ ಮೊದಲ ವಾರವೇ ಗಿರಿಜಾಳ ಮುಂದೆಯೂ ನನ್ನ ಮುಂದೆಯೂ ಹೇಳಿದ್ದಳು. ನಾನು ಊರ ಮಾತು ಊರಿಗೆ ಹೇಳಿಕೊಂಡು ತಿರುಗುವವನಲ್ಲ ಎಂದು ಧೈರ್ಯ ಕೊಟ್ಟಿದ್ದೆ. ಅದು ನಿಜವೂ ಹೌದು. ಬಾಯಿಯಿಂದ ನಾನು ಯಾರಿಗೂ ಹೇಳಲಿಲ್ಲ.

ಆ ದಿನ ಕಂಪ್ಯೂಟರಿನ ಮುಂದೆ ನನಗೆ ಅವಳ ಮಾತು ನೆನಪಾಗಲಿಲ್ಲವೇ ಎಂದು ಗಿರಿಜಾ ಆಮೇಲೆ ಕೇಳಿದ್ದಳು. ನೆನಪಾಗಿತ್ತು. ಹೇಳುವುದು ಬೇರೆ, ದಾಖಲೆ ಮಾಡುವುದು ಬೇರೆ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡಿದ್ದೆ. ಬರೀ ‘ನೀಲಮ್ಮನ ಮನೆ’ ಎಂದು ಬರೆದಿದ್ದರೂ ಬಚಾವಾಗುತ್ತಿತ್ತು, ನಮ್ಮ ಜಿಲ್ಲೆಯಲ್ಲಿ ನೀಲಮ್ಮಂದಿರಿಗೆ ಬರವಿಲ್ಲ. ಆದರೆ ಕಸುಬುಗಾರನ ಕೈ ಸುಮ್ಮನಿರಬೇಕಲ್ಲ. ‘ನೀಲಮ್ಮ ಗಂಡ ದಿವಂಗತ ಮಲ್ಲಪ್ಪ’ ಎಂದು, ಗಂಡನ ಊರಿನ ಹೆಸರು ಸಮೇತ, ‘ಇವರು ಬಾಡಿಗೆಯಿಂದ ವಾಸವಾಗಿರುವ ಮನೆ’ ಎಂದು, ಇಂಗ್ಲಿಷ್ ಅಕ್ಷರದಲ್ಲಿ, ಒಂದು ತಪ್ಪೂ ಇಲ್ಲದೆ ಬರೆಸಿದೆ. ರಾಜಶೇಖರ ಟೈಪು ಮಾಡಿ ಒಮ್ಮೆ ನನ್ನ ಮುಖ ನೋಡಿದ. ನಾನು ಅದನ್ನು ಮೆಚ್ಚುಗೆ ಎಂದುಕೊಂಡೆ.

ಮರುದಿನವೇ ನನಗೆ ಕೀರ್ತಿ ಬಂತು. ಬೆಳಿಗ್ಗೆ ಸ್ನಾನಕ್ಕೆ ಕೂತಾಗ ದಿಲ್ಲಿಯಿಂದ ಫೋನು. ನನ್ನ ಪೂರ್ತಿ ಹೆಸರು ಹಿಡಿದು ‘ಸರ್’ ಎಂದು ಹಿಂದಿಯಲ್ಲಿ ಮಾತಾಡಿದರು. ಮೈಗೆ ಸೋಪು ಹಚ್ಚಿಕೊಂಡೇ ಹೆಮ್ಮೆಪಟ್ಟೆ. ವೆಬ್‌ಸೈಟು ಚಂದ ಮಾಡಿಕೊಡುತ್ತೇವೆ ಎಂದರು. ಹತ್ತು ನಿಮಿಷಕ್ಕೆ ಇನ್ನೊಬ್ಬರು, ನಿಮ್ಮ ಕಂಪನಿಗೆ ಲೋಗೋ ಬೇಕೇ ಎಂದು. ಕುಂಟ ಮೇಜಿಗೆ ಲೋಗೋ ಏನು ಮಾಡಲಿ ಎಂದು ನನ್ನ ದಕ್ಕನಿ ಹಿಂದಿಯಲ್ಲಿ ಕೇಳಿದರೆ ಅವರು ಮೇಜಿನದೇ ಲೋಗೋ ಮಾಡಿಕೊಡಲು ತಯಾರಾದರು. ಒಂದು ವಾರದಲ್ಲಿ ನನಗೆ ಸಾಲ ಕೊಡುವವರು, ನನ್ನನ್ನು ಮೊದಲ ಪುಟಕ್ಕೆ ತರುವವರು, ನನಗೆ ಬಂದಿಲ್ಲದ ಪ್ರಶಸ್ತಿಯನ್ನು ಕೊಡಲು ಒದ್ದಾಡುವವರು, ಎಲ್ಲ ಫೋನು ಮಾಡಿದರು. ನಾನು ಪ್ರತಿಯೊಬ್ಬರಿಗೂ ಅವರ ಹೆಸರು, ತಂದೆಯ ಹೆಸರು, ಊರು ಕೇಳುತ್ತಿದ್ದೆ. ತಂದೆಯ ಹೆಸರು ಕೇಳಿದ ಕೂಡಲೇ ಫೋನು ಕಟ್ಟಾಗುತ್ತಿತ್ತು. ಬಯಲಿನಲ್ಲಿದ್ದ ನನ್ನ ನಂಬರು ಹಿಡಿದು ನನ್ನ ಮೈತುಂಬಾ ಓಡಾಡುವ ಈ ಜನರಿಗೂ ತಮ್ಮ ವಿಷಯದಲ್ಲಿ ಖಾಸಗಿತನ ಬೇಕಾಗಿತ್ತು. ನನಗೆ ಒಳ್ಳೆಯ ವಾದ ಸಿಕ್ಕಿತು ಎಂದು ಸಂತೋಷಪಟ್ಟೆನೇ ಹೊರತು, ನನ್ನ ಹೆಸರು ದಿಲ್ಲಿಗೆ ಹೋಗಿದ್ದರೆ ಉತ್ತರ ದಿಕ್ಕಿನ ಹೆಸರೂ ಹೋಗಿರುತ್ತದೆ ಎಂದು ಹೊಳೆಯಲಿಲ್ಲ.

ಅದು ದಿಲ್ಲಿಯವರೆಗೆ ಹೋಗಬೇಕಾಗಿರಲಿಲ್ಲ, ಶಹಾಪುರದ ಕಡೆಯ ಒಂದು ಹಳ್ಳಿಯವರೆಗೆ ಹೋದರೆ ಸಾಕಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಮುಂದೆ ಟಂಟಂ ಆಟೋ ಒಂದು ಬಂದು ನಿಂತಿತು. ಇಳಿದವನು ಸಂಗಪ್ಪ, ನೀಲಮ್ಮನ ಗಂಡನ ದೊಡ್ಡ ಅಣ್ಣ. ಅವನ ಹಿಂದೆ ಇಸ್ತ್ರಿ ಅಂಗಿಯ ಇಬ್ಬರು. ಸಂಗಪ್ಪ ನನಗೆ ಹೊಸಬನಲ್ಲ, ಅವರಪ್ಪನ ಪಾಲುಪತ್ರ ಬರೆದವನೇ ನಾನು. ಅವನ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಮಡಿಕೆ ಬೀಳದಂತೆ ಸ್ಟಾಂಪ್ ಪೇಪರು. ಇಸ್ತ್ರಿ ಅಂಗಿಯವರು ಸಾಕ್ಷಿಗಳು. ಹಕ್ಕು ಬಿಡುಗಡೆ ಪತ್ರ ಬರೆಸಬೇಕಾಗಿತ್ತು, ಬರೆಯುವವರೂ ಸಹಿ ಹಾಕುವವಳೂ ಗೋಡೆಗೆ ಗೋಡೆ ಹತ್ತಿ ಇರುವುದು ದೇವರ ದಯೆ ಎಂದ.

ಅವಳು ಇಲ್ಲಿದ್ದಾಳೆಂದು ಯಾರು ಹೇಳಿದರು ಎಂದು ಕೇಳಿದೆ. ಅವನು ಫೋನು ತೆಗೆದು ತೋರಿಸಿದ. ಅವನ ಸೊಸೆ ನೀಲಮ್ಮನ ಹೆಸರು, ಗಂಡನ ಹೆಸರು, ಊರು ಹಾಕಿ ಹುಡುಕಿದ್ದಳಂತೆ. ಪರದೆಯ ಮೇಲೆ ನನ್ನ ಮೂರು ಸಾಲು ಇದ್ದವು. ಪೂರ್ವಕ್ಕೆ ರಸ್ತೆ, ಅಲ್ಲಿ ಟಂಟಂ ನಿಂತಿತ್ತು. ಪಶ್ಚಿಮಕ್ಕೆ ಗಿರಣಿ, ಅದರ ಸದ್ದು ಕೇಳುತ್ತಿತ್ತು. ಒಂದು ಅಕ್ಷರ ತಪ್ಪಿರಲಿಲ್ಲ. ಜನ್ಮದಲ್ಲಿ ಮೊದಲ ಸಲ ನಾನು ಬರೆದದ್ದು ತಪ್ಪಾಗಿರಲಿ ಎಂದು ಬಯಸಿದೆ. ಆ ವಿವರ ಸರಿಯಿಲ್ಲ, ಎಲ್ಲೋ ತಪ್ಪಾಗಿ ಬಿದ್ದಿದೆ, ಅಂಥವರು ಯಾರೂ ಇಲ್ಲಿಲ್ಲ ಎಂದೆ. ಸುಳ್ಳು ಹೇಳಿ ಅಭ್ಯಾಸವಿಲ್ಲದ ನಾಲಿಗೆ ಪ್ರತಿ ಮಾತಿಗೂ ಎಡವಿತು.

ಸಂಗಪ್ಪ ಸಿಟ್ಟಾಗಲಿಲ್ಲ. ಬಹಳ ಗೌರವದಿಂದಲೇ ಹೇಳಿದ. “ಹಂಗ ಹ್ಯಾಂಗ ಆಗತದ್ರಿ ರೈಟರೇ? ರಿಜಿಸ್ಟರ್‌ನ್ಯಾಗ ಬರದದ್ದು ಸುಳ್ಳ ಆಗಂಗಿಲ್ಲ. ನಮ್ಮಪ್ಪನ ಪಾಲುಪತ್ರ ಬರಿಯಾಗ ನೀವೇ ಹೇಳಿದ ಮಾತದು.”

ನಾನು ಹೇಳಿದ್ದೆ. ಕಚೇರಿಯ ಹೊರಗೆ, ನನ್ನ ಕುಂಟ ಮೇಜಿನ ಹಿಂದೆ ಕೂತು, ಅವರು ಚಹಾ ಕುಡಿದು ಮುಗಿಸುವವರೆಗೆ ಹೇಳಿದ್ದೆ. ಇಷ್ಟು ಜನಕ್ಕೆ ಪಾಠ ಹೇಳಿದವನ ಮಾತನ್ನು ಒಬ್ಬ ಶಿಷ್ಯ ಚಾಚೂ ತಪ್ಪದೆ ನೆನಪಿಟ್ಟುಕೊಂಡಿದ್ದ, ಅವನು ಸಂಗಪ್ಪನೇ ಆಗಬೇಕಾಗಿತ್ತು. ಬಾಗಿಲ ಸಂದಿಯಲ್ಲಿ ನಿಂತಿದ್ದ ಗಿರಿಜಾಳ ಮುಖ ನೋಡುವ ಧೈರ್ಯ ಆಗಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಹೊಲಿಗೆ ಯಂತ್ರದ ಸದ್ದು ನಿಂತಿತು. ಕೊರಳಲ್ಲಿ ಅಳತೆಯ ಟೇಪು ಹಾಗೆಯೇ ಇದ್ದ ನೀಲಮ್ಮ ಹೊರಗೆ ಬಂದು, ಮೊದಲು ಸ್ಟಾಂಪ್ ಪೇಪರನ್ನು, ಆಮೇಲೆ ಸಾಕ್ಷಿಗಳನ್ನು, ಕೊನೆಗೆ ನನ್ನನ್ನು ನೋಡಿದಳು.

“ಬರೀರಿ ರೈಟರೇ,” ಎಂದಳು. “ಭಾವ ತನ್ನ ಪಾಲು ನನಗ ಬಿಟ್ಟುಕೊಟ್ಟಾನ ಅಂತ ಬರೀರಿ. ಪೇಪರ್ ಬಂದದ, ಸಾಕ್ಷಿಗೋಳು ಬಂದಾರ, ನಾನೂ ಇಲ್ಲೇ ಇದ್ದೀನಿ.”

ಇಸ್ತ್ರಿ ಅಂಗಿಯವರಲ್ಲಿ ಒಬ್ಬನಿಗೆ ನಗು ತಡೆಯಲಾಗಲಿಲ್ಲ. ಸಾಕ್ಷಿಯೇ ನಕ್ಕ ಮೇಲೆ ದಸ್ತಾವೇಜು ನಿಲ್ಲುವುದಿಲ್ಲ. ಸಂಗಪ್ಪ ಚೀಲ ಮಡಚಿಕೊಂಡು, ಮತ್ತೆ ಬರುತ್ತೇನೆ ಎಂದು ಟಂಟಂ ಹತ್ತಿದ. ನಾನು ಗೆದ್ದವನಂತೆ ನೀಲಮ್ಮನ ಕಡೆ ತಿರುಗಿ ಏನೋ ಹೇಳಹೋದೆ. ಅವಳು ನಗುತ್ತಿರಲಿಲ್ಲ. ಕೊರಳಿನ ಟೇಪು ತೆಗೆದು ಸುತ್ತತೊಡಗಿದಳು. “ನೀವು ಬಾಯಿಲೆ ಹೇಳಿದ್ರ ನಾ ಸುಳ್ಳು ಅನಬಹುದಿತ್ರಿ,” ಎಂದಳು. “ಬರದು ಇಟ್ಟೀರಿ.” ಅಷ್ಟು ಹೇಳಿ ಒಳಗೆ ಹೋದಳು. ಮೂವತ್ತು ವರ್ಷ ನನ್ನ ಬರವಣಿಗೆಯನ್ನು ಜನ ಹೊಗಳಿದ್ದರು, ಅದರ ಬಲ ಎಷ್ಟೆಂದು ಯಾರೂ ಇಷ್ಟು ಸರಿಯಾಗಿ ಹೇಳಿರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಶಹಾಪುರಕ್ಕೆ ಓಡಿದೆ. ಮರೆಮಾಡು ಎಂದೆ. ರಾಜಶೇಖರ ಒಂದು ಗುಂಡಿ ಒತ್ತಿದ, ಮುಗಿಯಿತು. ನನ್ನ ಹೆಸರು, ರಸ್ತೆ, ಗಿರಣಿ, ಬಾವಿ, ನೀಲಮ್ಮ ಎಲ್ಲ ಮರೆಯಾದರು. ನಾನು ಉಸಿರು ಬಿಡುವಷ್ಟರಲ್ಲಿ ಅವನು ಇನ್ನೊಂದು ಪುಟ ತೆಗೆದ. ಅಲ್ಲಿ ಎಲ್ಲವೂ ಇದ್ದಂತೆಯೇ ಇತ್ತು. ಬಯಲಿನಲ್ಲಿರುವ ರಿಜಿಸ್ಟರನ್ನು ದಿನಾ ನಕಲು ಮಾಡಿಕೊಂಡು ತಮ್ಮಲ್ಲಿ ಇಟ್ಟುಕೊಳ್ಳುವ ಬೇರೆ ಅಂಗಡಿಗಳಿವೆಯಂತೆ, ಮೂಲವನ್ನು ಮುಚ್ಚಿದರೂ ನಕಲು ಉಳಿಯುತ್ತದಂತೆ. ನನಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ, ದೃಢೀಕೃತ ನಕಲು ಕೊಟ್ಟ ಮೇಲೆ ಕಚೇರಿ ಅದನ್ನು ವಾಪಸು ಇಸಿದುಕೊಳ್ಳುವುದಿಲ್ಲ. ಆ ಅಂಗಡಿಗಳಿಗೆ ಅಳಿಸಿರೆಂದು ಬರೆದೆವು. ಒಂದರಿಂದ ಉತ್ತರವೇ ಇಲ್ಲ. ಇನ್ನೊಂದು, ಅಳಿಸಬೇಕೆಂದರೆ ನೀವು ನೀವೇ ಎಂದು ಸಾಬೀತು ಮಾಡಲು ಗುರುತಿನ ಚೀಟಿ ಮತ್ತು ಮುಖದ ಫೋಟೋ ಕಳಿಸಿ ಎಂದಿತು. ಕಳಿಸಿದೆ. ಅಡತಿಯವರು ಈ ಸಲವೂ ನಕ್ಕರು, ಈ ಸಲ ನಾನು ಅವರ ಕಡೆ ನೋಡಲಿಲ್ಲ. ಬರುವಾಗ ಆ ಸುಳ್ಳು ಪಹಣಿಯ ವೆಬ್‌ಸೈಟು ನೋಡಿದೆ. ಅದು ಚೆನ್ನಾಗಿ ನಡೆದಿತ್ತು. ಮಾಲೀಕರ ಹೆಸರು, ಖಾಸಗಿತನಕ್ಕಾಗಿ ಮರೆಮಾಡಲಾಗಿದೆ.

ಸಂಗಪ್ಪ ಮಾತಿಗೆ ತಪ್ಪುವವನಲ್ಲ, ಮತ್ತೆ ಬಂದ. ತಾನು ಬರದ ದಿನ ಊರಿನ ಹಿರಿಯರನ್ನು ಕಳಿಸಿದ. ಹಿರಿಯರೆಂದರೆ ಬೇರೆಯವರ ಹೊಲದ ವಿಷಯದಲ್ಲಿ ಮಾತ್ರ ನ್ಯಾಯ ಹೇಳುವ ಜನ. ಅವರು ನೀಲಮ್ಮನ ಕಟ್ಟೆಯ ಮೇಲೆ ಬೆಳಿಗ್ಗೆ ಕೂತರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಬ್ಲೌಸು ಹೊಲಿಸಲು ಬರುತ್ತಿದ್ದ ಹೆಂಗಸರು ಅಷ್ಟು ಜನ ಗಂಡಸರನ್ನು ದಾಟಿ ಒಳಗೆ ಹೋಗುವುದಾದರೂ ಹೇಗೆ? ನಾನು ನನ್ನ ಕಟ್ಟೆಯ ಮೇಲೆ ಕೂತು ಅವರಿಗೆ ಕಾನೂನು ಹೇಳಿದೆ. ಕಾನೂನು ಕೇಳುತ್ತಾ ಅವರು ಗಿರಿಜಾಳನ್ನು ಚಹಾ ಕೇಳಿದರು. ಅವಳು ಮಾಡಲಿಲ್ಲ.

ಮೂರನೆಯ ವಾರ ನಾನು ಕಚೇರಿಯಿಂದ ಬರುವಷ್ಟರಲ್ಲಿ ಉತ್ತರದ ಮನೆಗೆ ಬೀಗ ಬಿದ್ದಿತ್ತು. ಹೊಲಿಗೆ ಯಂತ್ರ ಇಟ್ಟಿದ್ದ ಜಾಗದಲ್ಲಿ ನೆಲದ ಮೇಲೆ ನಾಲ್ಕು ಗುರುತು ಕಿಟಕಿಯಿಂದ ಕಾಣುತ್ತಿದ್ದವು. ಎಲ್ಲಿಗೆ ಹೋದಳು ಎಂದು ಗಿರಿಜಾಳನ್ನು ಕೇಳಿದೆ. ಜೋಳದ ಹಿಟ್ಟು ನಾದುತ್ತಿದ್ದ ಅವಳು ತಲೆ ಎತ್ತದೆ, “ಹೋಗ್ಯಾಳ,” ಎಂದಳು. ಎಲ್ಲಿಗೆ ಎಂದು ಮತ್ತೆ ಕೇಳಿದೆ. “ನಿಮಗ ಹೇಳಬ್ಯಾಡ ಅಂದಾಳ.” ನಾನು ಅವಳ ಒಳ್ಳೆಯದಕ್ಕೇ ಕೇಳುತ್ತಿದ್ದೇನೆ, ಖಾತೆಯ ಕಾಗದಕ್ಕೆ ಸಹಾಯ ಮಾಡಬಹುದು, ನಾನೇನು ಹೊರಗಿನವನೇ ಎಂದು ವಾದ ಹೂಡಿದೆ. ಹಾಗಾದರೆ ಕಾರಣ ಬರೆದು ಅರ್ಜಿ ಕೊಡಿ, ನೋಡೋಣ ಎಂದು ನನ್ನ ಹೆಂಡತಿ ರೊಟ್ಟಿ ಬಡಿಯತೊಡಗಿದಳು. ರಾಜಶೇಖರ ಹೇಳಿದ ನಿಯಮವನ್ನೆಲ್ಲ ಅವಳಿಗೆ ಮನೆಯಲ್ಲಿ ಬೈಯುತ್ತಾ ಹೇಳಿದವನು ನಾನೇ.

ಆಗಿನಿಂದ ನಮ್ಮ ಮನೆಯಲ್ಲಿ ಒಂದು ಮುಚ್ಚಿದ ರಿಜಿಸ್ಟರು ಇದೆ. ತಿಂಗಳಿಗೊಮ್ಮೆ ಗಿರಿಜಾ ಬಟ್ಟೆಯ ಗಂಟು ಹಿಡಿದು ಬಸ್ಸು ಹತ್ತುತ್ತಾಳೆ, ಸಂಜೆ ಹೊಲಿದ ಬ್ಲೌಸು ಹಿಡಿದು ಬರುತ್ತಾಳೆ. ತೋಳಿನ ಅಂಚಿಗೆ ಎರಡು ಸಾಲು ಸಣ್ಣ ಹೊಲಿಗೆ. ಅದು ಯಾರ ಕೈ ಎಂದು ನನಗೆ ಗೊತ್ತಾಗದಿರುತ್ತದೆಯೇ? ಹೊಲದ ಖಾತೆ ನೀಲಮ್ಮನ ಹೆಸರಿಗೆ ಆಯಿತಂತೆ, ಅಷ್ಟನ್ನು ಹೋದ ತಿಂಗಳು ಗಿರಿಜಾ ತಾನಾಗಿಯೇ ಹೇಳಿದಳು. ನನಗೆ ಆದ ಸಂತೋಷದಲ್ಲಿ ಕಣ್ಣು ತುಂಬಿತು, ಈಗಲಾದರೂ ಮುಚ್ಚುಮರೆ ಯಾಕೆ, ಎಲ್ಲಿದ್ದಾಳೆ ಹೇಳು ಎಂದೆ. ಹೇಳಲಿಲ್ಲ. ಊರಿನ ಹೆಸರು ಬೇಡ, ಕೇರಿ ಬೇಡ, ಮನೆ ನಂಬರು ಬೇಡ, ಯಾವ ದಿಕ್ಕಿಗೆ ಎಂದಾದರೂ ಹೇಳು ಎಂದು ಅಂಗಲಾಚಿದೆ. ಗಿರಿಜಾ ಬ್ಲೌಸು ಮಡಚಿ ಪೆಟ್ಟಿಗೆಯಲ್ಲಿಟ್ಟು, “ನಾಕು ದಿಕ್ಕಿನ್ಯಾಗ ಒಂದು,” ಎಂದಳು. ಮೂವತ್ತು ವರ್ಷ ಊರವರ ಚಕ್ಕುಬಂದಿ ತಿದ್ದಿದ ನನಗೆ ಹೆಂಡತಿ ಕೊಟ್ಟ ಈ ಚಕ್ಕುಬಂದಿಯಲ್ಲಿ ತಿದ್ದಲು ಏನೂ ಸಿಗಲಿಲ್ಲ.